ಅನ್ಯಭಾಷೆ ಆಡದವರಿಗೆ ರಕ್ಷಣೆ ಇಲ್ಲವೇ? ಪದೇ ಪದೇ ಕೇಳುವ ಪ್ರಶ್ನೆಗಳು

ಪವಿತ್ರಾತ್ಮನ ಪ್ರೇರಣೆಯಿಂದ, ತಾನು ಕಲಿಯದ ಭಾಷೆಯಲ್ಲಿ ಆಡುವ ಮಾತಿಗೆ ಕ್ರೈಸ್ತ ಸಭೆಗಳಲ್ಲಿ ಅನ್ಯಭಾಷೆ ಎನ್ನುತ್ತಾರೆ. ಅದನ್ನಾಡದವರಿಗೆ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಇಲ್ಲ ಎಂದು ಕೆಲವರು ಬೋಧಿಸುತ್ತಾರೆ. ಅದು ನಿಜವೇ ಎಂದು ಕೇಳುವವರಲ್ಲಿ ಎರಡು ಬಗೆಯವರಿದ್ದಾರೆ. ಕೆಲವರಿಗೆ ಇದು ವಾದದ ವಸ್ತು. ಇನ್ನು ಕೆಲವರು ನಿದ್ದೆ ಬಾರದ ರಾತ್ರಿಗಳಲ್ಲಿ ತಮ್ಮನ್ನೇ ಕೇಳಿಕೊಳ್ಳುತ್ತಾರೆ: ಇಷ್ಟು ವರ್ಷ ಪ್ರಾರ್ಥಿಸಿದರೂ ನನ್ನ ಬಾಯಿಂದ ಅನ್ಯಭಾಷೆಯ ಒಂದು ಮಾತೂ ಹೊರಡಲಿಲ್ಲ, ಹಾಗಾದರೆ ಕರ್ತನು ನನ್ನನ್ನು ಅಂಗೀಕರಿಸಿಯೇ ಇಲ್ಲವೋ? ಈ ಪುಟವನ್ನು ಬರೆದಿರುವುದು ಹೆಚ್ಚಾಗಿ ಎರಡನೆಯ ಬಗೆಯವರಿಗಾಗಿ. ವಚನಗಳನ್ನು ಸೂಚಿಸಿರುವ ಕಡೆಯಲ್ಲೆಲ್ಲ ಸತ್ಯವೇದವನ್ನು (ಬೈಬಲನ್ನು) ತೆರೆದು, ಅದರ ಹಿಂದುಮುಂದಿನ ಭಾಗವನ್ನೂ ಓದಿ. ಈ ವಿಷಯದಲ್ಲಿ ನಡೆದಿರುವ ಎಡವಟ್ಟುಗಳಲ್ಲಿ ಮುಕ್ಕಾಲು ಪಾಲು ಒಂದೇ ವಚನವನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡದ್ದರಿಂದ ಆದವು.

ಒಂದೇ ಮಾತಿನಲ್ಲಿ ಹೇಳಿ: ರಕ್ಷಣೆ ಹೊಂದಲು ಅನ್ಯಭಾಷೆ ಬೇಕೇ, ಬೇಡವೇ?

ಬೇಡ.

ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯದಲ್ಲಿ ಒಬ್ಬನು ಈ ಪ್ರಶ್ನೆಯನ್ನು ನೇರವಾಗಿಯೇ ಕೇಳುತ್ತಾನೆ. ಫಿಲಿಪ್ಪಿಯ ಸೆರೆಮನೆಯ ಯಜಮಾನನು ಭೂಕಂಪದ ರಾತ್ರಿಯಲ್ಲಿ ನಡುಗುತ್ತಾ ಅಲ್ಲಿ ಸೆರೆಯಲ್ಲಿದ್ದ ಅಪೊಸ್ತಲ ಪೌಲ ಮತ್ತು ಅವನ ಸಂಗಡಿಗ ಸೀಲರ ಮುಂದೆ ಬಿದ್ದು, ರಕ್ಷಣೆ ಹೊಂದುವುದಕ್ಕೆ ತಾನೇನು ಮಾಡಬೇಕು ಎನ್ನುತ್ತಾನೆ. ಕರ್ತನಾದ ಯೇಸುವಿನ ಮೇಲೆ ನಂಬಿಕೆಯಿಡು, ನೀನೂ ನಿನ್ನ ಮನೆಯವರೂ ರಕ್ಷಣೆ ಹೊಂದುವಿರಿ ಎಂಬುದು ಉತ್ತರ. ಅದೇ ರಾತ್ರಿ ಅವನು ಅವರ ಗಾಯಗಳನ್ನು ತೊಳೆದನು, ಮನೆಮಂದಿಯೆಲ್ಲ ದೀಕ್ಷಾಸ್ನಾನ ಮಾಡಿಸಿಕೊಂಡರು, ಊಟ ಬಡಿಸಿದನು, ಸಂತೋಷಪಟ್ಟನು. ಆ ಪುಸ್ತಕವನ್ನು ಬರೆದ ಲೂಕನು ಗಾಯ ತೊಳೆದದ್ದನ್ನೂ ಊಟ ಬಡಿಸಿದ್ದನ್ನೂ ಬಿಡದೆ ಬರೆದಿದ್ದಾನೆ. ಅನ್ಯಭಾಷೆಯ ಮಾತೇ ಅಲ್ಲಿಲ್ಲ. ಅದಿಲ್ಲದೆ ರಕ್ಷಣೆಯಿಲ್ಲ ಎಂಬುದು ನಿಜವಾಗಿದ್ದರೆ, ಆಗಷ್ಟೇ ಕತ್ತಿ ಹಿರಿದು ಸಾಯಲು ಹೊರಟಿದ್ದ ಆ ಮನುಷ್ಯನಿಗೆ ಪೌಲನು ಅರ್ಧ ಉತ್ತರ ಕೊಟ್ಟಂತಾಯಿತು.

ಅನ್ಯಭಾಷೆ ಎಂದರೆ ನಿಜವಾಗಿ ಏನು?

ಗ್ರೀಕ್ ಮೂಲದಲ್ಲಿರುವ ಪದ 'ಗ್ಲೋಸ್ಸ'. ಅದಕ್ಕೆ ನಾಲಿಗೆ ಎಂಬ ಅರ್ಥವೂ ಉಂಟು, ಭಾಷೆ ಎಂಬ ಅರ್ಥವೂ ಉಂಟು. ಕನ್ನಡ ಸತ್ಯವೇದವು, ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮನು ಮೊದಲು ಇಳಿದ ಪಂಚಾಶತ್ತಮ (ಪೆಂಟೆಕೋಸ್ಟ್) ದಿನದ ಪ್ರಸಂಗದಲ್ಲಿ 'ಬೇರೆ ಬೇರೆ ಭಾಷೆಗಳು' ಎಂದೂ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ 'ವಾಣಿ' ಎಂದೂ ಅನುವಾದಿಸಿದೆ. ಅನುವಾದಕರು ಸುಮ್ಮನೆ ಎರಡು ಪದ ಬಳಸಲಿಲ್ಲ ಎಂದು ನನಗೆ ತೋರುತ್ತದೆ. ಯೆರೂಸಲೇಮಿನಲ್ಲಿ ಪಾರ್ಥ್ಯರು, ಮೇದ್ಯರು, ಐಗುಪ್ತದವರು, ಅರಬಿಯರು ತಂತಮ್ಮ ಹುಟ್ಟುಭಾಷೆಯಲ್ಲೇ ದೇವರ ಮಹತ್ಕಾರ್ಯಗಳನ್ನು ಕೇಳಿದರು. ಅಲ್ಲಿ ಅರ್ಥ ಹೇಳುವವರು ಬೇಕಾಗಲಿಲ್ಲ. ಕೊರಿಂಥದಲ್ಲಿ ವಾಣಿಯನ್ನಾಡಿದರೆ ಪಕ್ಕದಲ್ಲಿ ಕುಳಿತವನಿಗೂ ತಿಳಿಯುತ್ತಿರಲಿಲ್ಲ. ಅರ್ಥ ಹೇಳುವವನು ಇರಲೇಬೇಕಿತ್ತು. ಎರಡೂ ಒಂದೇ ವರವೋ, ಎರಡು ಬಗೆಯೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ರಕ್ಷಣೆಯ ಪ್ರಶ್ನೆಗೆ ಉತ್ತರ ಕಾಣಲು ಅದು ಮುಗಿಯಬೇಕಾಗಿಯೂ ಇಲ್ಲ.

ಪೆಂಟೆಕೋಸ್ಟ್ ಸಭೆಯವರೆಲ್ಲ ಅನ್ಯಭಾಷೆ ಇಲ್ಲದೆ ರಕ್ಷಣೆಯಿಲ್ಲ ಎನ್ನುತ್ತಾರಲ್ಲವೇ?

ಇಲ್ಲ. ಹೊರಗಿನವರು ಹೀಗೆ ಹೇಳಿ ಅವರಿಗೆ ಅನ್ಯಾಯ ಮಾಡುತ್ತಾರೆ, ಒಳಗಿನ ಕೆಲವರು ಹೀಗೆ ಬೋಧಿಸಿ ತಮ್ಮ ಸಭೆಯ ಉಪದೇಶಕ್ಕೇ ಅನ್ಯಾಯ ಮಾಡುತ್ತಾರೆ. ಇಲ್ಲಿ ಮೂರು ನಿಲುವುಗಳನ್ನು ಬಿಡಿಸಿ ನೋಡಬೇಕು.

1914ರಲ್ಲಿ ಹುಟ್ಟಿದ ಪೆಂಟೆಕೋಸ್ಟ್ ಸಂಘ ಅಸೆಂಬ್ಲೀಸ್ ಆಫ್ ಗಾಡ್ ತನ್ನ 1916ರ ನಂಬಿಕೆಯ ಹೇಳಿಕೆಯಲ್ಲಿ, ಪವಿತ್ರಾತ್ಮದ ದೀಕ್ಷಾಸ್ನಾನಕ್ಕೆ ಅನ್ಯಭಾಷೆಯೇ ಮೊದಲ ಬಾಹ್ಯ ಗುರುತು ಎಂದು ಹೇಳಿತು. ಆದರೆ ಆ ದೀಕ್ಷಾಸ್ನಾನವನ್ನು ಅದು ರಕ್ಷಣೆಯಿಂದ ಬೇರೆಯಾದ, ರಕ್ಷಣೆಯ ನಂತರದ ಅನುಭವವೆಂದು ಬೋಧಿಸುತ್ತದೆ. ಅಂದರೆ ಆ ಸಭೆಯ ಲೆಕ್ಕದಲ್ಲೇ ಅನ್ಯಭಾಷೆ ಆಡದ ವಿಶ್ವಾಸಿ ರಕ್ಷಣೆ ಹೊಂದಿದವನೇ.

ಯುನೈಟೆಡ್ ಪೆಂಟೆಕೋಸ್ಟಲ್ ಚರ್ಚಿನ ನಿಲುವು ಬೇರೆ. 1945ರಲ್ಲಿ ಎರಡು ಸಂಘಗಳು ಸೇರಿ ಆದ ಈ ಸಭೆ ತ್ರಯೈಕ್ಯವನ್ನು (ತಂದೆ, ಮಗ, ಪವಿತ್ರಾತ್ಮ ಎಂಬ ಮೂವರಲ್ಲಿ ಒಬ್ಬನೇ ದೇವರು ಎಂಬುದನ್ನು) ಒಪ್ಪದ 'ಏಕತ್ವ' ಪಂಗಡಕ್ಕೆ ಸೇರಿದ್ದು. ಪಶ್ಚಾತ್ತಾಪ, ಯೇಸುವಿನ ಹೆಸರಿನಲ್ಲಿ ನೀರಿನ ದೀಕ್ಷಾಸ್ನಾನ, ಅನ್ಯಭಾಷೆಯ ಗುರುತಿನೊಂದಿಗೆ ಪವಿತ್ರಾತ್ಮನನ್ನು ಹೊಂದುವುದು, ಈ ಮೂರೂ ಕೂಡಿದರೆ ಮಾತ್ರ ಪೂರ್ಣ ರಕ್ಷಣೆ ಎಂಬುದು ಅದರ ಉಪದೇಶ. 'ಅನ್ಯಭಾಷೆ ಇಲ್ಲದಿದ್ದರೆ ರಕ್ಷಣೆ ಇಲ್ಲ' ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿದ್ದರೆ ಅದರ ಮೂಲ ಹೆಚ್ಚಾಗಿ ಈ ಕಡೆಯದು.

ಮೂರನೆಯದಾಗಿ, ಅನ್ಯಭಾಷೆ ಹಲವು ವರಗಳಲ್ಲಿ ಒಂದು, ಯಾವುದಕ್ಕೂ ಕಡ್ಡಾಯ ಗುರುತಲ್ಲ ಎನ್ನುವ ಪೆಂಟೆಕೋಸ್ಟರೂ ಇದ್ದಾರೆ. 1909ರ ಉಜ್ಜೀವನದಿಂದ ಹುಟ್ಟಿದ ಚಿಲಿ ದೇಶದ ಸಭೆಗಳು ಬಹುಮಟ್ಟಿಗೆ ಹೀಗೆ ನಂಬುತ್ತವೆ. ಅಸೆಂಬ್ಲೀಸ್ ಆಫ್ ಗಾಡ್‌ನಲ್ಲಿದ್ದ ಪ್ರಸಿದ್ಧ ಸುವಾರ್ತಿಕ ಎಫ್. ಎಫ್. ಬಾಸ್ವರ್ತ್ 1918ರಲ್ಲಿ ಆ ಸಂಘವನ್ನು ಬಿಟ್ಟದ್ದು ಈ ಕಾರಣಕ್ಕೇ.

2006ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು ಹತ್ತು ದೇಶಗಳಲ್ಲಿ ಸಮೀಕ್ಷೆ ನಡೆಸಿತು. ಅವುಗಳಲ್ಲಿ ಆರು ದೇಶಗಳ ಪೆಂಟೆಕೋಸ್ಟರಲ್ಲಿ ಶೇಕಡಾ 40ಕ್ಕಿಂತ ಹೆಚ್ಚು ಮಂದಿ ತಾವು ಎಂದೂ ಅನ್ಯಭಾಷೆಯಲ್ಲಿ ಮಾತನಾಡಿಲ್ಲ ಎಂದರು. ಪೆಂಟೆಕೋಸ್ಟ್ ಸಭೆಯಲ್ಲಿ ಕುಳಿತು 'ನಾನೊಬ್ಬನೇ ಹೀಗೆ' ಎಂದು ಕೊರಗುತ್ತಿರುವವರು ಈ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಳ್ಳಲಿ.

ಅಪೊಸ್ತಲರ ಕೃತ್ಯಗಳು 2:38ರಲ್ಲಿ ಪವಿತ್ರಾತ್ಮನನ್ನು ಹೊಂದಬೇಕೆಂದು ಸ್ಪಷ್ಟವಾಗಿದೆಯಲ್ಲ?

ಸ್ಪಷ್ಟವಾಗಿದೆ. ಆದರೆ ಪೇತ್ರನು ಅಲ್ಲಿ ಹೇಳಿದ್ದು 'ಪವಿತ್ರಾತ್ಮದಾನವನ್ನು ಹೊಂದುವಿರಿ' ಎಂದು. ಕನ್ನಡ ಸತ್ಯವೇದ ಇಲ್ಲಿ 'ದಾನ' ಎನ್ನುತ್ತದೆ, 1 ಕೊರಿಂಥ 12ರಲ್ಲಿ 'ವರಗಳು' ಎನ್ನುತ್ತದೆ. ದಾನ ಎಂದರೆ ಪವಿತ್ರಾತ್ಮನೇ. ವರಗಳು ಆತನು ಇಷ್ಟಬಂದಂತೆ ಹಂಚಿಕೊಡುವವು. ಮನೆಗೆ ಬಂದ ಅತಿಥಿಯೇ ಬೇರೆ, ಆತನು ಚೀಲದಿಂದ ತೆಗೆದು ಒಬ್ಬೊಬ್ಬರಿಗೆ ಕೊಡುವ ಉಡುಗೊರೆಯೇ ಬೇರೆ. ನನಗೆ ಇಂಥ ಉಡುಗೊರೆ ಸಿಗಲಿಲ್ಲವಾದ್ದರಿಂದ ಅತಿಥಿ ಬಂದೇ ಇಲ್ಲ ಎನ್ನಲಾಗದು.

ಅದೇ ಅಧ್ಯಾಯದ 42ನೆಯ ವಚನದವರೆಗೂ ಓದಿ. ಆ ದಿನ ಸುಮಾರು 3,000 ಮಂದಿ ಸಭೆಗೆ ಸೇರಿದರು. ಅವರು ಬೋಧನೆಯಲ್ಲಿ, ಅನ್ಯೋನ್ಯತೆಯಲ್ಲಿ, ರೊಟ್ಟಿ ಮುರಿಯುವುದರಲ್ಲಿ, ಪ್ರಾರ್ಥನೆಯಲ್ಲಿ ನಿರತರಾದರೆಂದಿದೆ. ಬೆಳಿಗ್ಗೆ ಅನ್ಯಭಾಷೆ ಆಡಿದವರ ಬಗ್ಗೆ ಅಷ್ಟು ವಿವರವಾಗಿ ಬರೆದ ಲೂಕನು ಸಂಜೆಯ ಹೊತ್ತಿಗೆ 3,000 ಮಂದಿಯೂ ಅದೇ ರೀತಿ ಮಾತನಾಡಿದ್ದರೆ ಬಿಡುತ್ತಿದ್ದನೇ?

ಕೊರ್ನೇಲ್ಯನ ಮನೆಯಲ್ಲಿ ಅನ್ಯಭಾಷೆಯಿಂದಲೇ ಅವರು ರಕ್ಷಣೆ ಹೊಂದಿದ್ದು ಗೊತ್ತಾಯಿತಲ್ಲವೇ?

ಇಡೀ ವಿಷಯದ ಬೀಗದ ಕೈ ಇರುವುದು ಈ ಮನೆಯಲ್ಲಿ. ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಕೊರ್ನೇಲ್ಯನು (ಅಪೊಸ್ತಲರ ಕೃತ್ಯಗಳು 10) ರೋಮನ್ ಶತಾಧಿಪತಿ, ಸುನ್ನತಿಯಿಲ್ಲದವನು. ಪೇತ್ರನು ಅಂಥವನ ಹೊಸ್ತಿಲು ದಾಟಬೇಕಾದರೆ ಮೂರು ಸಲ ದರ್ಶನವಾಗಬೇಕಾಯಿತು. ಅವನ ಜೊತೆಗೆ ಬಂದಿದ್ದ ಯೆಹೂದಿ ವಿಶ್ವಾಸಿಗಳಂತೂ ಅನ್ಯಜನರಿಗೆ, ಅಂದರೆ ಯೆಹೂದ್ಯರಲ್ಲದವರಿಗೆ, ದೇವರ ರಾಜ್ಯದಲ್ಲಿ ಸಮಪಾಲು ಉಂಟೆಂದು ಕನಸಿನಲ್ಲೂ ನೆನಸಿರಲಿಲ್ಲ. ಪೇತ್ರನ ಪ್ರಸಂಗ ಮುಗಿಯುವ ಮೊದಲೇ ಪವಿತ್ರಾತ್ಮನು ಕೇಳುತ್ತಿದ್ದವರೆಲ್ಲರ ಮೇಲೆ ಇಳಿದನು. ಅವರು ಭಾಷೆಗಳನ್ನಾಡಿದರು, ದೇವರನ್ನು ಕೊಂಡಾಡಿದರು. ಬೆರಗಾದವರು ಯಾರು? ಕೊರ್ನೇಲ್ಯನಲ್ಲ, ಸುನ್ನತಿಯುಳ್ಳ ವಿಶ್ವಾಸಿಗಳು. ಆ ಗುರುತು ಬೇಕಾಗಿದ್ದುದು ಅವರಿಗೆ. 'ಇವರು ಹೊರಗಿನವರು' ಎಂದು ಬಾಗಿಲಿಗೆ ಅಡ್ಡ ನಿಂತವರ ಕಣ್ಣೆದುರಿಗೇ ದೇವರು ಬಾಗಿಲು ತೆರೆದನು.

ಮುಂದಿನ ಅಧ್ಯಾಯದಲ್ಲಿ ಪೇತ್ರನು ಯೆರೂಸಲೇಮಿಗೆ ಹೋಗಿ ಇದನ್ನು ವಿವರಿಸುತ್ತಾನೆ. ಪವಿತ್ರಾತ್ಮನು ಮೊದಲು ನಮ್ಮ ಮೇಲೆ ಇಳಿದಂತೆಯೇ ಅವರ ಮೇಲೂ ಇಳಿದನು ಎನ್ನುತ್ತಾನೆ (11:15). ಆ 'ಮೊದಲು' ಎಂಬ ಪದವನ್ನು ಗಮನಿಸಿ. ಪಂಚಾಶತ್ತಮ ದಿನ ಕಳೆದು ವರ್ಷಗಳಾಗಿದ್ದವು, ನಡುವೆ ಸಾವಿರಾರು ಮಂದಿ ನಂಬಿದ್ದರು. ನಂಬಿದವರೆಲ್ಲರೂ ಅನ್ಯಭಾಷೆ ಆಡುವುದು ವಾಡಿಕೆಯಾಗಿದ್ದರೆ, 'ನಮ್ಮಲ್ಲಿ ದಿನವೂ ನಡೆಯುವಂತೆ ಅಲ್ಲಿಯೂ ನಡೆಯಿತು' ಎಂದರೆ ಸಾಕಾಗುತ್ತಿತ್ತು. ಪೇತ್ರನು ಹೋಲಿಕೆಗಾಗಿ ಮೊಟ್ಟಮೊದಲ ದಿನದವರೆಗೆ ಹಿಂದಕ್ಕೆ ಹೋಗಬೇಕಾಯಿತು.

ಕಥೆ ಅಲ್ಲಿಗೇ ನಿಲ್ಲುವುದಿಲ್ಲ. 15ನೆಯ ಅಧ್ಯಾಯದಲ್ಲಿ ಕೆಲವರು, ಸುನ್ನತಿ ಮಾಡಿಸಿಕೊಳ್ಳದಿದ್ದರೆ ರಕ್ಷಣೆಯಿಲ್ಲ ಎಂದು ಬೋಧಿಸತೊಡಗಿದರು. ಅಂದರೆ ನಂಬಿಕೆಯ ಜೊತೆಗೆ ಇನ್ನೊಂದು ಗುರುತು ಬೇಕು ಎಂಬ ವಾದ ಸಭೆಯೊಳಗೆ ಬಂದದ್ದು ಅಂದು. ಅದನ್ನು ತೀರ್ಮಾನಿಸಲು ಯೆರೂಸಲೇಮಿನಲ್ಲಿ ಸಭೆ ಕೂಡಿತು. ಪೇತ್ರನು ಎದ್ದು ಇದೇ ಕೊರ್ನೇಲ್ಯನ ಮನೆಯ ಘಟನೆಯನ್ನು ಸಾಕ್ಷಿಯಾಗಿ ತಂದನು. ದೇವರು ಅವರ ಹೃದಯಗಳನ್ನು ನಂಬಿಕೆಯ ಮೂಲಕ ಶುದ್ಧಮಾಡಿದನು, ನಾವೂ ಅವರಂತೆಯೇ ಕರ್ತನಾದ ಯೇಸುವಿನ ಕೃಪೆಯಿಂದ ರಕ್ಷಣೆ ಹೊಂದುವೆವು ಎಂದನು. ಅನ್ಯಭಾಷೆ ಎಂಬ ಪದವನ್ನು ಅವನು ಅಲ್ಲಿ ಎತ್ತಲೂ ಇಲ್ಲ.

ಹೊರಗಿನವರಿಗಾಗಿ ಬಾಗಿಲು ತೆರೆದ ಗುರುತನ್ನೇ ತೆಗೆದು ಅದೇ ಬಾಗಿಲಿಗೆ ಅಗುಳಿ ಮಾಡಿದ್ದಾರೆ. ನನಗೆ ಈ ಉಪದೇಶದ ಮೇಲಿರುವ ತಕರಾರು ಇಷ್ಟೇ. ಸುನ್ನತಿಯ ಜಾಗದಲ್ಲಿ ಅನ್ಯಭಾಷೆಯನ್ನು ಇಟ್ಟು ಆ 15ನೆಯ ಅಧ್ಯಾಯವನ್ನು ಮತ್ತೊಮ್ಮೆ ಓದಿ ನೋಡಿ.

ಸಮಾರ್ಯ ಮತ್ತು ಎಫೆಸದ ಘಟನೆಗಳು?

ಸಮಾರ್ಯದವರು ಪವಿತ್ರಾತ್ಮನನ್ನು ಹೊಂದಿದ ವರದಿಯಲ್ಲಿ (ಅದೇ ಪುಸ್ತಕದ 8ನೆಯ ಅಧ್ಯಾಯ) ಅನ್ಯಭಾಷೆಯ ಪ್ರಸ್ತಾಪವೇ ಇಲ್ಲ. ಮಂತ್ರವಾದಿ ಸೀಮೋನನು ಏನನ್ನೋ ಕಂಡು ಹಣ ಕೊಡಲು ಮುಂದಾದನಾದ್ದರಿಂದ ಅದು ಅನ್ಯಭಾಷೆಯೇ ಇರಬೇಕು ಎಂಬುದು ಊಹೆ. ಇದ್ದರೂ ಇರಬಹುದು. ಊಹೆಯ ಮೇಲೆ ನರಕದ ಬೆದರಿಕೆ ಕಟ್ಟಬಾರದು, ಅಷ್ಟೆ.

ಎಫೆಸದಲ್ಲಿ (19ನೆಯ ಅಧ್ಯಾಯ) ಪೌಲನಿಗೆ ಸಿಕ್ಕ ಸುಮಾರು 12 ಮಂದಿ ಸ್ನಾನಿಕನಾದ ಯೋಹಾನನ ದೀಕ್ಷಾಸ್ನಾನವನ್ನು ಮಾತ್ರ ಬಲ್ಲವರು. ಪವಿತ್ರಾತ್ಮನು ದೊರೆತಿದ್ದಾನೆಂಬುದನ್ನೇ ಅವರು ಕೇಳಿರಲಿಲ್ಲ. ಅವರು ವಾಣಿಗಳನ್ನಾಡಿದರು, ಪ್ರವಾದಿಸಿದರು ಎಂದಿದೆ. ಇದರಿಂದ ಎಲ್ಲರಿಗೂ ನಿಯಮ ಮಾಡುವವರು ಪ್ರವಾದನೆಯನ್ನೂ ಕಡ್ಡಾಯ ಮಾಡಬೇಕಲ್ಲವೇ? ಅದನ್ನು ಯಾರೂ ಮಾಡುವುದಿಲ್ಲ.

ಇದೇ ಪುಸ್ತಕದಲ್ಲಿ ಅನ್ಯಭಾಷೆಯ ಮಾತಿಲ್ಲದೆ ನಂಬಿದವರನ್ನು ಎಣಿಸುತ್ತಾ ಹೋಗಿ: ಐಥಿಯೋಪ್ಯದ ಕಂಚುಕಿ, ಮುಂದೆ ಪೌಲನೆನಿಸಿದ ಸೌಲ, ದೇಶಾಧಿಪತಿ ಸೆರ್ಗ್ಯ ಪೌಲ, ಲುದ್ಯ, ಸೆರೆಮನೆಯ ಯಜಮಾನ, ಅಥೇನೆಯ ದಿಯೊನುಸಿಯ ಮತ್ತು ದಾಮರಿ, ಕೊರಿಂಥದ ಕ್ರಿಸ್ಪ. ಪೌಲನು ಮುಂದೆ ಅನ್ಯಭಾಷೆ ಆಡಿದನೆಂಬುದು ಅವನ ಪತ್ರಿಕೆಯಿಂದ ತಿಳಿಯುತ್ತದೆ ನಿಜ. ಅವನು ದೃಷ್ಟಿ ಪಡೆದು ದೀಕ್ಷಾಸ್ನಾನ ಹೊಂದಿದ ದಿನದ ವರದಿಯಲ್ಲಿ ಮಾತ್ರ ಅದಿಲ್ಲ.

'ಎಲ್ಲರೂ ವಾಣಿಗಳನ್ನಾಡುವರೋ?' ಎಂದು ಪೌಲನು ಕೇಳಿದ್ದು ಬೇರೆಯೇ ವರದ ಬಗ್ಗೆ ಎನ್ನುತ್ತಾರೆ. ಸರಿಯೇ?

1 ಕೊರಿಂಥ 12:30ರ ಈ ಪ್ರಶ್ನೆಗೆ ಗ್ರೀಕಿನ ವಾಕ್ಯರಚನೆಯೇ 'ಇಲ್ಲ' ಎಂಬ ಉತ್ತರವನ್ನು ನಿರೀಕ್ಷಿಸುತ್ತದೆ. ಎಲ್ಲರೂ ಅಪೊಸ್ತಲರೋ? ಎಲ್ಲರೂ ಪ್ರವಾದಿಗಳೋ? ಎಲ್ಲರೂ ವಾಣಿಗಳನ್ನಾಡುವರೋ? ಈ ಕಷ್ಟದಿಂದ ಪಾರಾಗಲು ಒಂದು ವಿಂಗಡಣೆ ಬಳಕೆಗೆ ಬಂದಿದೆ: ಮೊದಲ ಸಲ ಆಡುವ ಅನ್ಯಭಾಷೆ ಎಲ್ಲರಿಗೂ ಬರುವ 'ಗುರುತು', ಸಭೆಯಲ್ಲಿ ಆಡುವ ಅನ್ಯಭಾಷೆ ಕೆಲವರಿಗೆ ಮಾತ್ರ ಬರುವ 'ವರ'. ಪ್ರಾಮಾಣಿಕರಾದ ಅನೇಕರು ಇದನ್ನು ನಂಬುತ್ತಾರೆ. ಆದರೆ ಈ ವಿಂಗಡಣೆಯನ್ನು ಪೌಲನು ಎಲ್ಲಿಯೂ ಮಾಡಿಲ್ಲ.

ಇನ್ನೂ ಗಟ್ಟಿಯಾದ ಮಾತು ಅದೇ ಅಧ್ಯಾಯದಲ್ಲಿದೆ. 13ನೆಯ ವಚನದಲ್ಲಿ, ನಾವೆಲ್ಲರೂ ಒಂದೇ ಆತ್ಮನಲ್ಲಿ ಒಂದೇ ದೇಹವಾಗುವಂತೆ ದೀಕ್ಷಾಸ್ನಾನ ಮಾಡಿಸಿಕೊಂಡೆವು ಎನ್ನುತ್ತಾನೆ. 30ನೆಯ ವಚನದಲ್ಲಿ, ಎಲ್ಲರೂ ವಾಣಿಗಳನ್ನಾಡುವುದಿಲ್ಲ ಎನ್ನುತ್ತಾನೆ. ಎರಡು ಕಡೆಯೂ 'ಎಲ್ಲರೂ'. ಕೊರಿಂಥದಲ್ಲಿ ಆತ್ಮನ ದೀಕ್ಷಾಸ್ನಾನ ಹೊಂದಿ, ವಾಣಿಯನ್ನಾಡದವರು ಇದ್ದರು. ಅವರನ್ನು ಪೌಲನು ದೇಹದ ಅಂಗಗಳೆಂದೇ ಕರೆದನು. ನಾನು ಕೈಯಲ್ಲವಾದ್ದರಿಂದ ದೇಹಕ್ಕೆ ಸೇರಿಲ್ಲ ಎಂದು ಕಾಲು ಕೊರಗುವ ದೃಷ್ಟಾಂತ ಇರುವುದೂ ಇಲ್ಲಿಯೇ.

ರೋಮಾಪುರದವರಿಗೆ ಬರೆದ 16 ಅಧ್ಯಾಯಗಳ ಪತ್ರಿಕೆ ರಕ್ಷಣೆಯ ಬಗ್ಗೆ ಪೌಲನು ಬರೆದ ಅತಿ ವಿಸ್ತಾರವಾದ ಬರಹ. ಅದರಲ್ಲಿ ಅನ್ಯಭಾಷೆಯ ಸೊಲ್ಲೇ ಇಲ್ಲ. ಆ ಪತ್ರಿಕೆಯ 12ನೆಯ ಅಧ್ಯಾಯದಲ್ಲಿರುವ ವರಗಳ ಪಟ್ಟಿಯಲ್ಲಿ ಕೂಡ ಇಲ್ಲ.

ಮಾರ್ಕ 16:17 'ನಂಬುವವರಿಂದ ಈ ಸೂಚಕಕಾರ್ಯಗಳು ಉಂಟಾಗುವವು' ಎನ್ನುತ್ತದೆಯಲ್ಲ?

ಅಲ್ಲಿ ಹೊಸ ಭಾಷೆಗಳ ಜೊತೆಗೆ ಹಾವುಗಳನ್ನು ಎತ್ತುವುದೂ ವಿಷ ಕುಡಿದರೂ ಏನೂ ಆಗದಿರುವುದೂ ಇದೆ. ಒಂದನ್ನು ಮಾತ್ರ ಆರಿಸಿ ಎಲ್ಲರಿಗೂ ಕಡ್ಡಾಯ ಮಾಡುವಂತಿಲ್ಲ. ಮೇಲಾಗಿ ಅದರ ಹಿಂದಿನ ವಚನ ರಕ್ಷಣೆಗೆ ಹೇಳುವುದು ನಂಬಿಕೆ ಮತ್ತು ದೀಕ್ಷಾಸ್ನಾನವನ್ನು. ಮಾರ್ಕನ ಕೊನೆಯ ಈ 12 ವಚನಗಳು 4ನೆಯ ಶತಮಾನದ ಸೀನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ ಎಂಬುದನ್ನೂ ತಿಳಿದಿರುವುದು ಒಳ್ಳೆಯದು. ಇಷ್ಟು ದೊಡ್ಡ ಉಪದೇಶಕ್ಕೆ ಆಧಾರವಾಗಿ ಯಾರೂ ಇವುಗಳನ್ನಷ್ಟೇ ನೆಚ್ಚಬಾರದು.

ಈ ಉಪದೇಶ ಯಾವಾಗ ಹುಟ್ಟಿತು?

2ನೆಯ ಶತಮಾನದ ಬಿಷಪ್ ಇರೇನೇಯಸನು ತನ್ನ ಕಾಲದಲ್ಲಿ ಎಲ್ಲ ಬಗೆಯ ಭಾಷೆಗಳನ್ನಾಡುವ ಸಹೋದರರಿದ್ದಾರೆಂದು ಬರೆದನು. 4ನೆಯ ಶತಮಾನದ ಕೊನೆಯ ಹೊತ್ತಿಗೆ ಹೆಸರಾಂತ ಪ್ರಸಂಗಿ ಕ್ರಿಸೋಸ್ತೋಮನು 1 ಕೊರಿಂಥದ ಈ ಭಾಗ ಬಹಳ ಮಸುಕಾಗಿದೆ, ಏಕೆಂದರೆ ಅಂದು ನಡೆಯುತ್ತಿದ್ದುದು ಈಗ ನಡೆಯುತ್ತಿಲ್ಲ ಎಂದನು. ಬಿಷಪ್ ಅಗಸ್ಟೀನನೂ ಹೆಚ್ಚುಕಡಿಮೆ ಇದನ್ನೇ ಹೇಳಿದನು: ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದಾಗ ಹೊಸ ವಿಶ್ವಾಸಿ ಅನ್ಯಭಾಷೆ ಆಡಲಿ ಎಂದು ಈಗ ಯಾರೂ ಕಾಯುವುದಿಲ್ಲ, ಸಹೋದರನ ಮೇಲೆ ಪ್ರೀತಿ ಇದೆಯೋ ಎಂದು ಹೃದಯವನ್ನು ಪರೀಕ್ಷಿಸಿಕೊಳ್ಳಲಿ ಎಂದು. ಅನ್ಯಭಾಷೆಯೇ ರಕ್ಷಣೆಯ ಬಾಗಿಲಾಗಿದ್ದರೆ ಕ್ರಿಸೋಸ್ತೋಮನೂ ಅಗಸ್ಟೀನನೂ ಅವರ ಸಭೆಗಳೂ ಹೊರಗೇ ಉಳಿದವು ಎನ್ನಬೇಕಾಗುತ್ತದೆ.

ಇಂದಿನ ರೂಪದ ಉಪದೇಶಕ್ಕೆ ತಾರೀಕು ಹೇಳಬಹುದು. 1901ರ ಜನವರಿ 1ರಂದು ಅಮೆರಿಕದ ಕಾನ್ಸಾಸ್ ರಾಜ್ಯದ ಟೊಪೀಕಾದಲ್ಲಿ, ಚಾರ್ಲ್ಸ್ ಪಾರ್ಹಾಮ್ ನಡೆಸುತ್ತಿದ್ದ ಬೈಬಲ್ ಶಾಲೆಯ ವಿದ್ಯಾರ್ಥಿನಿ ಆಗ್ನೆಸ್ ಓಜ್ಮನ್ ಅನ್ಯಭಾಷೆಯಲ್ಲಿ ಮಾತನಾಡಿದಳು. ಅದು ಚೀನೀ ಭಾಷೆ ಎಂದು ಅಲ್ಲಿದ್ದವರು ನಂಬಿದರು. ಪಾರ್ಹಾಮನು ಇನ್ನೂ ಮುಂದಕ್ಕೆ ಹೋಗಿ, ಮಿಷನರಿಗಳು ಇನ್ನು ಭಾಷೆ ಕಲಿಯಬೇಕಾಗಿಲ್ಲ, ಆತ್ಮನೇ ಕೊಡುತ್ತಾನೆ ಎಂದು ಬೋಧಿಸಿದನು. ಈ ನಂಬಿಕೆಯಿಂದ ಆಲ್ಫ್ರೆಡ್ ಗಾರ್ ದಂಪತಿ 1907ರ ಹೊತ್ತಿಗೆ ಕಲ್ಕತ್ತೆಗೆ ಬಂದಿಳಿದರು. ಗಾರ್ ತಮಗೆ ಬಂಗಾಳಿ ದೊರೆತಿದೆ ಎಂದುಕೊಂಡಿದ್ದರು. ದೊರೆತಿರಲಿಲ್ಲ. ಅವರು ಊರಿಗೆ ಓಡಿಹೋಗದೆ ಸೇವೆ ಮುಂದುವರಿಸಿದ್ದು ಅವರ ದೊಡ್ಡತನ.

ಪಾರ್ಹಾಮನ ಪಾಠವನ್ನು ವಿಲಿಯಮ್ ಸೇಮರ್ ಕೇಳಿದ್ದು ಕೋಣೆಯ ಹೊರಗೆ ಕುಳಿತು. ಸೇಮರ್ ಕಪ್ಪು ವರ್ಣದವನು, ಗುಲಾಮಗಿರಿಯಿಂದ ಬಿಡುಗಡೆಯಾದವರ ಮಗ. ಬಿಳಿಯರ ಜೊತೆಗೆ ಒಳಗೆ ಕೂರುವಂತಿರಲಿಲ್ಲ. ಅವನು 1906ರ ಏಪ್ರಿಲಿನಲ್ಲಿ ಲಾಸ್ ಏಂಜಲೀಸಿನ ಅಜೂಸಾ ಬೀದಿಯಲ್ಲಿ ಆರಂಭಿಸಿದ ಕೂಟಗಳಲ್ಲಿ ಕರಿಯರೂ ಬಿಳಿಯರೂ ಒಟ್ಟಿಗೆ ಮೊಣಕಾಲೂರಿದರು. ಅದೇ ವರ್ಷ ಅಲ್ಲಿಗೆ ಬಂದ ಪಾರ್ಹಾಮನಿಗೆ ಅದು ಸಹ್ಯವಾಗಲಿಲ್ಲ, ಛೀಮಾರಿ ಹಾಕಿದನು. ಸೇಮರ್ ನಂತರದ ವರ್ಷಗಳಲ್ಲಿ, ಅನ್ಯಭಾಷೆಯೊಂದೇ ಗುರುತು ಎಂಬ ಮಾತನ್ನು ಬಿಟ್ಟು, ಪ್ರೀತಿಯನ್ನು ಗುರುತೆಂದು ಎತ್ತಿ ಹಿಡಿದನು. ಅನ್ಯಭಾಷೆ ಬಲ್ಲ ಬಾಯಿಯೇ ಹೇಗೆ ತಿರಸ್ಕಾರದ ಮಾತನ್ನೂ ಆಡಬಲ್ಲದು ಎಂದು ಅವನು ಹತ್ತಿರದಿಂದ ಕಂಡಿದ್ದನು.

ನೀರಿನಿಂದಲೂ ಆತ್ಮನಿಂದಲೂ ಹುಟ್ಟಬೇಕು ಎಂದು ಯೇಸು ನಿಕೊದೇಮನಿಗೆ ಹೇಳಲಿಲ್ಲವೇ?

ಹೇಳಿದನು. ಹುಟ್ಟಿದವನು ಅನ್ಯಭಾಷೆ ಆಡುತ್ತಾನೆ ಎಂದು ಹೇಳಲಿಲ್ಲ. ಗಾಳಿಯ ಸಪ್ಪಳ ಕೇಳುತ್ತೀ ಎಂದದ್ದನ್ನು (ಯೋಹಾನ 3:8) ಹಿಡಿದು, ಆ ಸಪ್ಪಳವೇ ಅನ್ಯಭಾಷೆ ಎನ್ನುವವರಿದ್ದಾರೆ. ಗಾಳಿ ಮನಸ್ಸು ಬಂದ ಕಡೆಗೆ ಬೀಸುತ್ತದೆ, ಎಲ್ಲಿಂದ ಬರುತ್ತದೋ ಎಲ್ಲಿಗೆ ಹೋಗುತ್ತದೋ ನಿನಗೆ ತಿಳಿಯದು ಎಂಬ ವಚನದಿಂದ ಒಂದೇ ಅಚ್ಚಿನ ಗುರುತನ್ನು ಹೊರತೆಗೆಯುವುದು ವಿಚಿತ್ರ.

ಮಾತು ಬಾರದವರ ಗತಿಯೇನು?

ಹುಟ್ಟಿನಿಂದ ಮೂಕರಾದವರು, ಪಾರ್ಶ್ವವಾಯುವಿನಿಂದ ನಾಲಿಗೆ ಬಿದ್ದುಹೋದವರು ಕ್ರಿಸ್ತನನ್ನು ನಂಬುತ್ತಾರೆ. ಅನ್ಯಭಾಷೆ ಕಡ್ಡಾಯ ಎನ್ನುವವರಿಗೆ ಈ ಪ್ರಶ್ನೆಯನ್ನು ಹಾಕಿ, ಅವರು ಎಷ್ಟು ಬೇಗ ವಿನಾಯಿತಿ ಕೊಡುತ್ತಾರೆ ನೋಡಿ. ವಿನಾಯಿತಿ ಸಾಧ್ಯವಾಗುವುದು ಷರತ್ತು ದೇವರದಲ್ಲದಿದ್ದಾಗ.

ಅನ್ಯಭಾಷೆ ಇಲ್ಲದಿದ್ದರೆ ನನ್ನಲ್ಲಿ ಪವಿತ್ರಾತ್ಮನಿದ್ದಾನೆಂದು ಹೇಗೆ ತಿಳಿಯಲಿ?

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಕ್ರಿಸ್ತನ ಆತ್ಮನಿಲ್ಲದವನು ಕ್ರಿಸ್ತನವನಲ್ಲ ಎಂದು ರೋಮಾಪುರ 8:9 ಹೇಳುತ್ತದೆ. ಆದ್ದರಿಂದ ಆತ್ಮನು ಬೇಕೇ ಬೇಕು. ಪ್ರಶ್ನೆಯಿರುವುದು ಗುರುತಿನ ಬಗ್ಗೆ ಮಾತ್ರ.

ಸತ್ಯವೇದ ಕೊಡುವ ಗುರುತುಗಳು ಕಿವಿಗೆ ಥಟ್ಟನೆ ಕೇಳಿಸುವಂಥವಲ್ಲ. ಪವಿತ್ರಾತ್ಮನ ಪ್ರೇರಣೆಯಿಲ್ಲದೆ ಯಾರೂ ಯೇಸುವನ್ನು ಕರ್ತನೆಂದು ಹೇಳಲಾರರು (1 ಕೊರಿಂಥ 12:3). ದೇವರನ್ನು 'ಅಪ್ಪಾ, ತಂದೆಯೇ' ಎಂದು ಕೂಗುವಂತೆ ಮಾಡುವವನು ಆತನೇ (ರೋಮಾಪುರ 8:15). ಸುವಾರ್ತೆಯನ್ನು ಕೇಳಿ ನಂಬಿದಾಗಲೇ ಮುದ್ರೆ ಬಿತ್ತು (ಎಫೆಸ 1:13). ಆಮೇಲೆ ಗಲಾತ್ಯ 5:22ರ ಫಲ: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ ಮೊದಲಾದವು. ಫಲ ಒಂದು ರಾತ್ರಿಯ ಕೂಟದಲ್ಲಿ ಕಾಣಿಸುವುದಿಲ್ಲ. ಅದನ್ನು ಮೊದಲು ಗುರುತಿಸುವವರು ಸಾಮಾನ್ಯವಾಗಿ ನಮ್ಮ ಸಿಟ್ಟನ್ನು ಉಂಡ ಮನೆಯವರು. ತಾನು ದೇವರ ಮಗುವೋ ಅಲ್ಲವೋ ಎಂದು ಕಣ್ಣೀರಿಡುವವರ ಆ ಕಣ್ಣೀರೇ ನನಗೆ ಎಷ್ಟೋ ಸಲ ಆತ್ಮನ ಕೆಲಸದಂತೆ ಕಂಡಿದೆ. ಸತ್ತ ಹೃದಯ ಈ ವಿಷಯಕ್ಕೆ ನಿದ್ದೆಗೆಡುವುದಿಲ್ಲ.

ಅನ್ಯಭಾಷೆ ಆಡುವವರೆಲ್ಲ ರಕ್ಷಣೆ ಹೊಂದಿದವರೇ?

ಹಾಗೂ ಹೇಳುವಂತಿಲ್ಲ. ನಿನ್ನ ಹೆಸರಿನಲ್ಲಿ ಪ್ರವಾದಿಸಿದೆವಲ್ಲ, ದೆವ್ವಗಳನ್ನು ಬಿಡಿಸಿದೆವಲ್ಲ ಎಂದವರಿಗೆ ಕರ್ತನು, ನಿಮ್ಮನ್ನು ನಾನು ಎಂದೂ ಅರಿಯೆನು ಎನ್ನುವುದು ಮತ್ತಾಯ 7ರಲ್ಲಿದೆ. ಪ್ರೀತಿಯಿಲ್ಲದೆ ದೇವದೂತರ ಭಾಷೆ ಆಡಿದರೂ ಅದು ಗಣಗಣಿಸುವ ತಾಳ ಎಂದದ್ದು ಪೌಲನೇ.

ಹಾಗಾದರೆ ಇಂದಿನ ಅನ್ಯಭಾಷೆಯೆಲ್ಲ ಸುಳ್ಳೇ?

ಆ ತೀರ್ಪು ಕೊಡಲು ನಾನು ಸಿದ್ಧನಿಲ್ಲ. ವಿಲಿಯಮ್ ಸಮರಿನ್ ಎಂಬ ಭಾಷಾವಿಜ್ಞಾನಿ ಅನೇಕ ಧ್ವನಿಮುದ್ರಣಗಳನ್ನು ಪರಿಶೀಲಿಸಿ 1972ರಲ್ಲಿ ಪ್ರಕಟಿಸಿದ ನಿರ್ಣಯದಂತೆ, ಅವುಗಳಲ್ಲಿ ಭಾಷೆಯ ವ್ಯಾಕರಣವಾಗಲಿ ನಿಶ್ಚಿತ ಅರ್ಥವಾಗಲಿ ಇರಲಿಲ್ಲ, ಧ್ವನಿಗಳು ಮಾತನಾಡುವವರಿಗೆ ಮೊದಲೇ ಗೊತ್ತಿದ್ದ ಭಾಷೆಗಳವೇ ಆಗಿದ್ದವು. ಆದರೂ ಅದು ಅಂಥವರಿಗೆ ಅರ್ಥಪೂರ್ಣವಾದ ಪ್ರಾರ್ಥನೆಯೆಂಬುದನ್ನು ಅವನು ಅಲ್ಲಗಳೆಯಲಿಲ್ಲ. 2006ರಲ್ಲಿ ಆಂಡ್ರೂ ನ್ಯೂಬರ್ಗ್ ಮತ್ತು ಸಂಗಡಿಗರು ಅನ್ಯಭಾಷೆಯಲ್ಲಿ ಪ್ರಾರ್ಥಿಸುತ್ತಿದ್ದ ಐವರು ಮಹಿಳೆಯರ ಮಿದುಳಿನ ಚಿತ್ರ ತೆಗೆದರು. ಸ್ವನಿಯಂತ್ರಣಕ್ಕೆ ಸಂಬಂಧಿಸಿದ ಮುಂಭಾಗದಲ್ಲಿ ಚಟುವಟಿಕೆ ಇಳಿದಿತ್ತು. 'ಮಾತು ತಾನಾಗಿ ಬರುತ್ತದೆ' ಎಂಬ ಅವರ ಅನುಭವಕ್ಕೆ ಅದು ಹೊಂದುತ್ತದೆ. ಐವರಿಂದ ಅದಕ್ಕಿಂತ ಹೆಚ್ಚಿನದನ್ನು ಹಿಂಡಬಾರದು.

ಅಪೊಸ್ತಲರ ಕಾಲದೊಂದಿಗೇ ಇಂಥ ವರಗಳು ನಿಂತವು ಎನ್ನುವ ಸಭೆಗಳಿವೆ, ಇಂದೂ ಇವೆ ಎನ್ನುವವೂ ಇವೆ. ವಾಣಿಯನ್ನಾಡುವುದಕ್ಕೆ ಅಡ್ಡಿಮಾಡಬೇಡಿರಿ ಎಂದು ಪೌಲನು ಹೇಳಿರುವುದರಿಂದ (1 ಕೊರಿಂಥ 14:39) ನಾನು ಎರಡನೆಯ ಕಡೆಗೆ ಹೆಚ್ಚು ವಾಲುತ್ತೇನೆ. ಆದರೆ ಅವನು ಹಾಕಿದ ಕಟ್ಟಳೆಗಳೂ ಅಲ್ಲೇ ಇವೆ: ಇಬ್ಬರು ಅಥವಾ ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು, ಅರ್ಥ ಹೇಳುವವನಿಲ್ಲದಿದ್ದರೆ ಸಭೆಯಲ್ಲಿ ಮೌನ. ಎಲ್ಲರಿಗಿಂತ ಹೆಚ್ಚಾಗಿ ವಾಣಿಗಳನ್ನಾಡುತ್ತಿದ್ದ ಆ ಮನುಷ್ಯನೇ, ಸಭೆಯಲ್ಲಿ ಹತ್ತು ಸಾವಿರ ಮಾತುಗಳಿಗಿಂತ ಬುದ್ಧಿಪೂರ್ವಕವಾದ ಐದೇ ಮಾತು ತನಗೆ ಇಷ್ಟ ಎಂದನು.

'ಹಲ್ಲೆಲೂಯ' ಎಂದು ವೇಗವಾಗಿ ಹೇಳುತ್ತಾ ಹೋಗು, ತಾನಾಗಿ ಬರುತ್ತದೆ ಎಂದು ಕಲಿಸುತ್ತಾರೆ. ಸರಿಯೇ?

ಸರಿಯಲ್ಲ. ನನಗೆ ಹದಿನೇಳು ವರ್ಷವಿದ್ದಾಗ ಮೂರು ರಾತ್ರಿಯ ಅಭಿಷೇಕ ಕೂಟದಲ್ಲಿ ಹೀಗೆಯೇ ಕೂರಿಸಿದ್ದರು. ಮೂರನೆಯ ರಾತ್ರಿ ಗಂಟಲು ಒಣಗಿ, ಮೊಣಕಾಲು ಮರಗಟ್ಟಿ, ಪಕ್ಕದವರು ಹೇಳುತ್ತಿದ್ದ ಉಚ್ಚಾರಗಳನ್ನೇ ನಾನೂ ಒದರಿದೆ. ಎಲ್ಲರೂ ಸ್ತೋತ್ರ ಹೇಳಿದರು, ತಲೆ ಸವರಿದರು. ಮನೆಗೆ ಹೋಗುವಾಗ ನನಗಿದ್ದದ್ದು ಸಂತೋಷವಲ್ಲ, ಸುಳ್ಳು ಸಾಕ್ಷಿ ನುಡಿದವನ ಅಳುಕು. ಅದನ್ನು ಯಾರಿಗಾದರೂ ಹೇಳಲು ಎಂಟು ವರ್ಷ ಹಿಡಿಯಿತು.

ಪಂಚಾಶತ್ತಮ ದಿನದಲ್ಲಿ ಆತ್ಮನು ನುಡಿಯುವ ಶಕ್ತಿಯನ್ನು ಕೊಡುತ್ತಾ ಬಂದ ಹಾಗೆ ಮಾತನಾಡಿದರು ಎಂದಿದೆ. ಅಭ್ಯಾಸ ಮಾಡಿಸಿದವರು ಯಾರೂ ಇರಲಿಲ್ಲ. ಒತ್ತಾಯಕ್ಕೆ ಮಣಿದು ನೀವೂ ಹೀಗೆ ನಟಿಸಿದ್ದರೆ ಅದನ್ನು ದೇವರ ಮುಂದೆ ಹೇಳಿಬಿಡಿ, ನಂಬಿಕೆಯ ಒಬ್ಬರ ಬಳಿಯೂ ಹೇಳಿ. ಅದು ಕ್ಷಮೆಯಿಲ್ಲದ ಪಾಪವೇನೂ ಅಲ್ಲ. ಆತ್ಮದೂಷಣೆಯಾಯಿತೋ ಎಂದು ಹೆದರುವವರಿದ್ದಾರೆ. ಯೇಸು ಆ ಮಾತನ್ನು ಹೇಳಿದ್ದು ಆತ್ಮನ ಕೆಲಸವನ್ನು ಕಣ್ಣಾರೆ ಕಂಡೂ ದೆವ್ವಗಳ ಒಡೆಯನಾದ ಬೆಲ್ಜೆಬೂಲನದು ಎಂದವರಿಗೆ. ಹೆದರಿ ಬಾಯಿ ಆಡಿಸಿದ ಹುಡುಗರಿಗಲ್ಲ.

ನಾನು ಅನ್ಯಭಾಷೆಗಾಗಿ ಪ್ರಾರ್ಥಿಸಬಹುದೇ?

ಧಾರಾಳವಾಗಿ. ವರಗಳನ್ನು ಆಸಕ್ತಿಯಿಂದ ಅಪೇಕ್ಷಿಸಿರಿ ಎಂದಿದೆ. ಬಂದರೆ ಸ್ತೋತ್ರ, ಬಾರದಿದ್ದರೂ ನೀವು ಮಕ್ಕಳೇ. ಕೇಳುವಾಗ ರಕ್ಷಣೆಯ ಪಣ ಇಟ್ಟು ಕೇಳಬೇಡಿ.

ನಮ್ಮ ಪಾಸ್ಟರು, 'ಅನ್ಯಭಾಷೆ ಬರುವ ತನಕ ನೀನು ರಕ್ಷಣೆ ಹೊಂದಿದವನಲ್ಲ' ಎನ್ನುತ್ತಾರೆ. ಏನು ಮಾಡಲಿ?

ಮೊದಲು ಅವರನ್ನು ಒಬ್ಬರೇ ಇರುವಾಗ ಗೌರವದಿಂದ ಕೇಳಿ: ಇದು ನಮ್ಮ ಸಭೆಯ ಲಿಖಿತ ಉಪದೇಶವೋ, ನಿಮ್ಮ ಮಾತೋ? ಅನೇಕ ಕಡೆ ಅದು ಸಭೆಯ ಉಪದೇಶವಾಗಿರುವುದಿಲ್ಲ, ಪ್ರಸಂಗದ ಬಿಸಿಯಲ್ಲಿ ಬೆಳೆದ ಮಾತಾಗಿರುತ್ತದೆ. ಆಗ ಅವರೇ ತಿದ್ದಿಕೊಂಡಾರು. ಹಾಡುವವರ ಗುಂಪಿಗೋ ಸಭೆಯ ಹಿರಿತನಕ್ಕೋ ಅನ್ಯಭಾಷೆ ಬೇಕೆಂಬ ನಿಯಮವಿದ್ದರೆ ಅದು ಆ ಸಭೆಯ ಆಡಳಿತದ ವಿಷಯ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಲಿಖಿತ ಉಪದೇಶವೇ ಹಾಗಿದ್ದರೆ ಅಪೊಸ್ತಲರ ಕೃತ್ಯಗಳು 15 ಮತ್ತು 1 ಕೊರಿಂಥ 12 ಇವೆರಡನ್ನು ಅವರ ಜೊತೆ ಕುಳಿತು ಪೂರ್ತಿ ಓದಲು ಕೇಳಿ. ಓದಿದ ಮೇಲೂ ಅವರು ಪಟ್ಟು ಬಿಡದಿದ್ದರೆ, ಪ್ರತಿ ಭಾನುವಾರ ನಿಮ್ಮನ್ನು ಎಬ್ಬಿಸಿ ನಿಲ್ಲಿಸಿ ಪ್ರಾರ್ಥಿಸುವುದು ಮುಂದುವರಿದರೆ, ಬೇರೆ ಸಭೆಯನ್ನು ಹುಡುಕಿಕೊಳ್ಳಿ. ಹೊರಡುವಾಗ ಜಗಳ ಬೇಡ. ಮಕ್ಕಳಿದ್ದರೆ ಸ್ವಲ್ಪ ಬೇಗನೇ ಹೊರಡಿ. ಹತ್ತು ವರ್ಷದ ಮಗುವನ್ನು ನಡುವೆ ಕೂರಿಸಿ ಸುತ್ತ ನಿಂತು ಕೂಗುವ ಕೂಟಗಳನ್ನು ನಾನು ಕಂಡಿದ್ದೇನೆ.